ತೋಟದ ಬದಿಯ ಕಾಡುಶುಂಠಿ: ಯಾವ ಜಾತಿ? ಉಳಿಸುವುದು ಹೇಗೆ?

ಮಡಿಕೇರಿ ತೋಟದವ:
ನಮ್ಮ ಕಾಫಿ ತೋಟದ ತೋಡಿನ ಬದಿಯಲ್ಲಿ ಶುಂಠಿ ತರಹದ ಎರಡು ಗಿಡಗಳಿವೆ. ಒಂದರ ಹೂಗೊನೆ ನೆಲದಿಂದಲೇ ಬೇರೆಯಾಗಿ ಎದ್ದಿದೆ. ಹಸಿರಿದ್ದದ್ದು ಈಗ ಕೆಂಪಾಗುತ್ತಿದೆ, ಹಿಂಡಿದರೆ ಲೋಳೆ ನೀರು. ಇನ್ನೊಂದರ ಎಲೆಗಳು ಕಾಂಡವನ್ನು ಸುತ್ತಿಕೊಂಡು ಏರುತ್ತವೆ, ದೊಡ್ಡ ಬಿಳಿ ಹೂ. ಮುಂದಿನ ವಾರ ಕಳೆ ಹೊಡೆಯಲು ಜನ ಬರುತ್ತಾರೆ. ಏನು ಮಾಡಲಿ?

ವಿರಾಜಪೇಟೆ ಅಕ್ಕ:
ಬರೀ ಎಲೆ ಫೋಟೋ ಹಾಕಿ ಹೆಸರು ಕೇಳುವವರೇ ಜಾಸ್ತಿ. ನೀವು ಹೂವಿನ ವಿಷಯ ಹೇಳಿದಿರಿ, ಖುಷಿಯಾಯಿತು ಅಣ್ಣ. ಎರಡನೆಯದು ಕಾಸ್ಟಸ್ ಇರಬೇಕು. ಅದನ್ನು ಈಗ ಬೇರೆ ಕುಟುಂಬಕ್ಕೆ ಸೇರಿಸಿದ್ದಾರೆ. ಶುಂಠಿ ಕುಟುಂಬದ ಎಲೆಗಳು ಎರಡು ಸಾಲಾಗಿ ಕೂರುತ್ತವೆ, ಉಜ್ಜಿದರೆ ಘಮ ಬರುತ್ತದೆ. ಮೊದಲನೆಯದು ಜಿಂಜಿಬರ್ ಜೆರಂಬೆಟ್ ಎಂಬ ಕಾಡುಶುಂಠಿ ಅನಿಸುತ್ತದೆ. ಒಂದು ಹೂ ಬಿಡಿಸಿ ನೋಡಿ. ಇರುವ ಒಂದೇ ಕೇಸರದ ತುದಿ ಕೊಂಬಿನ ಹಾಗೆ ಬಾಗಿ ಶಲಾಕೆಯನ್ನು (ಹೂವಿನ ಹೆಣ್ಣು ಭಾಗದ ಸಣ್ಣ ಕಡ್ಡಿಯನ್ನು) ಸುತ್ತಿದ್ದರೆ ಜಿಂಜಿಬರ್ ಗುಂಪೇ. ಒಣಗಿಸಿದರೆ ಈ ಹೂ ಮುದ್ದೆಯಾಗುತ್ತದೆ, ಸ್ಪಿರಿಟ್‌ನಲ್ಲಿಡಿ.

ಸೋಮವಾರಪೇಟೆ:
ಗೆಡ್ಡೆ ಮಾತ್ರ ಕೀಳಬೇಡಿ. ಸುತ್ತ ಕೋಲು ನೆಟ್ಟು ಬಣ್ಣದ ಬಟ್ಟೆ ಕಟ್ಟಿ. ಮೆಷಿನ್ ಹಿಡಿದವನಿಗೆ ಎಲ್ಲವೂ ಕಳೆಯೇ, ಅಲ್ವಾ? ಬೀಜ ಕಟ್ಟುವವರೆಗೆ ಬಿಡಿ. ದೇವರಕಾಡಿಗೆ ಸಾಗಿಸುವುದೂ ಬೇಡ, ತೋಡಿನ ತಂಪೇ ಅದಕ್ಕೆ ಸರಿ.

ಮಡಿಕೇರಿ ತೋಟದವ:
ಕೋಲು ನೆಟ್ಟಾಯಿತು. ಬಿಡಿಸಿದ ಹೂವಿನ ಫೋಟೋ ನಾಳೆ ಹಾಕುತ್ತೇನೆ ಅಕ್ಕ.