ಡೆವಿಲ್ಸ್ ಹೋಲ್ ಪಪ್‌ಫಿಶ್: ತಾಯಿಯ ಕಡೆಯ ಡಿಎನ್‌ಎ ಎಷ್ಟು ಹೇಳುತ್ತದೆ?

ಪ್ರಶ್ನೆ: ಸರ್, ಎಂಎಸ್ಸಿ ಸೆಮಿನಾರ್‌ಗೆ ಅಮೆರಿಕದ ನೆವಾಡಾ ಮರುಭೂಮಿಯ ಡೆವಿಲ್ಸ್ ಹೋಲ್ ಎಂಬ ಒಂದೇ ನೀರಗುಂಡಿಯಲ್ಲಿ ಬದುಕುವ ಪುಟ್ಟ ಮೀನು, ಡೆವಿಲ್ಸ್ ಹೋಲ್ ಪಪ್‌ಫಿಶ್ ತೆಗೆದುಕೊಂಡಿದ್ದೇನೆ. ಈ ಮೀನು ಶುದ್ಧ ತಳಿಯೋ ಬೆರಕೆಯೋ ಎಂದು ಮೈಟೊಕಾಂಡ್ರಿಯಾದ (ಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಡಿಎನ್‌ಎ ಒಂದರಿಂದಲೇ ಹೇಳಬಹುದೇ?

ಉತ್ತರ: ಆಗುವುದಿಲ್ಲ. ಅದು ಕರಾವಳಿಯ ಅಳಿಯಸಂತಾನದ ‘ಬಳಿ’ (ಕುಲ) ಇದ್ದ ಹಾಗೆ, ತಾಯಿಯಿಂದ ಮಾತ್ರ ಬರುತ್ತದೆ. ಡೆವಿಲ್ಸ್ ಹೋಲ್ ಹೆಣ್ಣುಮೀನು ಬೇರೆ ತಳಿಯ ಗಂಡಿನೊಂದಿಗೆ ಕೂಡಿದರೆ ಮರಿಯ ಕೋಶಕೇಂದ್ರದ ಡಿಎನ್‌ಎಯಲ್ಲಿ ಅರ್ಧ ಹೊರಗಿನದು. ಅದರ ಹೆಣ್ಣುಸಂತತಿ ಇನ್ನೆರಡು ತಲೆಮಾರು ಹೊರಗಿನ ಗಂಡುಗಳನ್ನೇ ಕೂಡಿದರೆ ಎಂಟರಲ್ಲಿ ಏಳು ಪಾಲು ಹೊರಗಿನದಾಗುತ್ತದೆ. ಮೈಟೊಕಾಂಡ್ರಿಯಾ ಮಾತ್ರ ಆಗಲೂ ‘ಶುದ್ಧ’ ಎಂದೇ ತೋರಿಸುತ್ತದೆ! ಇದು ಬರೀ ಊಹೆಯಲ್ಲ. ಈ ಮೀನನ್ನು ಉಳಿಸಲೆಂದು ಪಾಯಿಂಟ್ ಆಫ್ ರಾಕ್ಸ್ ಎಂಬಲ್ಲಿ ಕಟ್ಟಿದ್ದ ಆಸರೆ ತೊಟ್ಟಿಯೊಳಕ್ಕೆ ಪಕ್ಕದ ಆಶ್ ಮೆಡೋಸ್ ಪಪ್‌ಫಿಶ್ ನುಗ್ಗಿ ತಳಿ ಬೆರೆತುಹೋಯಿತು. ಹಾಗಾಗಿ ಕೋಶಕೇಂದ್ರದ ಡಿಎನ್‌ಎಯ ಮೈಕ್ರೋಸ್ಯಾಟಲೈಟ್ (ಮತ್ತೆ ಮತ್ತೆ ಬರುವ ಚಿಕ್ಕ ತುಣುಕು) ಅಥವಾ ಎಸ್‌ಎನ್‌ಪಿ (ಒಂದೇ ಅಕ್ಷರದ ವ್ಯತ್ಯಾಸ) ಗುರುತುಗಳನ್ನು ಜೊತೆಗಿಟ್ಟುಕೊಳ್ಳಲೇಬೇಕು.

ಪ್ರಶ್ನೆ: ಇಷ್ಟು ಕಡಿಮೆ ಮೀನಿರುವಾಗ ಮಾದರಿ ಎಲ್ಲಿಂದ ತರುವುದು?

ಉತ್ತರ: 2013ರ ವಸಂತದ ಎಣಿಕೆಯಲ್ಲಿ ಸಿಕ್ಕಿದ್ದು ಬರೀ 35. ಮೀನಿನ ಉದ್ದ 3 ಸೆಂ.ಮೀ. ಕೂಡ ಇಲ್ಲ. ಜೀವಂತ ಮೀನು ಮುಟ್ಟುವ ಮಾತೇ ಬೇಡ. ಸತ್ತು ಸಿಕ್ಕಿದ ಮೀನು, ಸಾಕಣೆಯಲ್ಲಿ ಮರಿಯಾಗದೆ ಉಳಿದ ಮೊಟ್ಟೆ ಸಾಕು. ಅಲ್ಲಿನ ನೀರು ಸುಮಾರು 33 ಡಿಗ್ರಿ ಸೆಲ್ಸಿಯಸ್, ಸತ್ತ ಮೀನು ಬೇಗ ಕೊಳೆಯುತ್ತದೆ. ಕಂಡ ಕೂಡಲೇ 95% ಎಥನಾಲ್‌ಗೆ ಹಾಕಿ. ಅಂಗಾಂಶದ ಹತ್ತು ಪಟ್ಟು ಎಥನಾಲ್ ಇರಲಿ, ಮರುದಿನ ಬದಲಿಸಿ, ಮೈನಸ್ 20ರಲ್ಲಿಡಿ. ಫಾರ್ಮಲಿನ್ ಬೇಡವೇ ಬೇಡ, ಡಿಎನ್‌ಎಯನ್ನು ಪ್ರೋಟೀನಿಗೆ ಕಚ್ಚಿಸಿ ತುಂಡು ಮಾಡುತ್ತದೆ.

ಮೊಟ್ಟೆಯಲ್ಲಿ ಒಂದು ಮೋಸವಿದೆ. ಒಂದೇ ತಾಯಿಯ ಐದು ಮೊಟ್ಟೆಯನ್ನು ಐದು ಮಾದರಿ ಎಂದು ಲೆಕ್ಕ ಹಾಕಿದರೆ ಆ ತಾಯಿಯ ಹ್ಯಾಪ್ಲೊಟೈಪ್ (ಮೈಟೊಕಾಂಡ್ರಿಯಾ ಡಿಎನ್‌ಎಯ ಮಾದರಿ) ಇಲ್ಲದ ಬಹುಮತ ಪಡೆಯುತ್ತದೆ. ಯಾವ ತೊಟ್ಟಿ, ಯಾವ ದಿನ ಎಂದು ಬರೆದಿಡಿ.

ಪ್ರಶ್ನೆ: ಬೇರೆ ಮೀನಿನಲ್ಲಿ ಅಭ್ಯಾಸಕ್ಕೆಂದು ಸೈಟೋಕ್ರೋಮ್ ಬಿ ಎಂಬ ಮೈಟೊಕಾಂಡ್ರಿಯಾ ಜೀನಿನ ಅಕ್ಷರಗಳ ಅನುಕ್ರಮ ಓದಿಸಿದೆ. ಫಲಿತಾಂಶದ ನಕ್ಷೆಯಲ್ಲಿ ಒಂದೇ ಅಕ್ಷರದ ಜಾಗದಲ್ಲಿ ಎರಡೆರಡು ಶಿಖರ ಬರುತ್ತಿವೆ.

ಉತ್ತರ: ಮೊದಲು ಡಿಎನ್‌ಎ ಹಾಕದ ಪಿಸಿಆರ್ (ಡಿಎನ್‌ಎ ತುಂಡಿನ ಪ್ರತಿಗಳನ್ನು ಹೆಚ್ಚಿಸುವ ವಿಧಾನ) ಟ್ಯೂಬ್ ನೋಡಿ. ಅದರಲ್ಲೂ ಜೆಲ್ ಮೇಲೆ ಡಿಎನ್‌ಎ ಗೆರೆ ಬಂದಿದ್ದರೆ ಬೇರೆ ಡಿಎನ್‌ಎ ಸೇರಿದೆ, ರಾಸಾಯನಿಕಗಳನ್ನೆಲ್ಲ ಹೊಸದಾಗಿ ತೆಗೆಯಿರಿ. ಅದು ಖಾಲಿಯಿದ್ದರೆ ಕೋಶಕೇಂದ್ರಕ್ಕೆ ಸೇರಿಕೊಂಡ ಹಳೆಯ ಮೈಟೊಕಾಂಡ್ರಿಯಾ ನಕಲಿನ ಮೇಲೆ ಅನುಮಾನ. ಅನುಕ್ರಮವನ್ನು ಪ್ರೋಟೀನಿಗೆ ಅನುವಾದಿಸಿ, ಆದರೆ ಕಶೇರುಕಗಳ ಮೈಟೊಕಾಂಡ್ರಿಯಾ ಸಂಕೇತಪಟ್ಟಿಯನ್ನೇ (ಡಿಎನ್‌ಎಯ ಯಾವ ಮೂರಕ್ಷರಕ್ಕೆ ಯಾವ ಅಮೈನೋ ಆಮ್ಲ ಎಂಬ ಪಟ್ಟಿ) ಆರಿಸಿ. ಸಾಮಾನ್ಯ ಪಟ್ಟಿಯಲ್ಲಿ ಟಿಜಿಎ ಎಂಬ ಮೂರಕ್ಷರವೆಂದರೆ ಪ್ರೋಟೀನಿನ ನಿಲುಗಡೆ, ಇಲ್ಲಿ ಅದು ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ. ಇದನ್ನು ಮರೆತು ಒಳ್ಳೆಯ ಅನುಕ್ರಮ ಬಿಸಾಡುವವರು ಬಹಳ. ಸರಿಯಾದ ಪಟ್ಟಿಯಲ್ಲೂ ನಡುವೆ ನಿಲುಗಡೆ ಬಂದರೆ ಅದು ನಕಲು. ಉದ್ದನೆಯ ತುಂಡನ್ನು ಪಿಸಿಆರ್ ಮಾಡಿ, ಅದರೊಳಗಿಂದ ಜೀನ್ ಓದಿಸಿ. ನಕಲುಗಳು ಸಾಮಾನ್ಯವಾಗಿ ಚಿಕ್ಕವು.

ಪ್ರಶ್ನೆ: ಮೀನು ಅಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಡಿಎನ್‌ಎಯಿಂದ ಲೆಕ್ಕ ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ಡಿಎನ್‌ಎ ಬದಲಾವಣೆಯ ದರ ಎಲ್ಲಿಂದ ತಂದಿರಿ ಎಂಬುದರ ಮೇಲೆ ಉತ್ತರ ನಿಲ್ಲುತ್ತದೆ. 2016ರಲ್ಲೇ ಬಂದ ಎರಡು ಅಧ್ಯಯನಗಳಲ್ಲಿ ಒಂದು, ಸಾವಿರ ವರ್ಷವೂ ಆಗಿಲ್ಲ ಎಂದಿತು, ಇನ್ನೊಂದು ಸುಮಾರು 60 ಸಾವಿರ ಎಂದಿತು. ಎರಡೂ ಕೋಶಕೇಂದ್ರದ ಡಿಎನ್‌ಎಯ ಸಾವಿರಾರು ತುಂಡುಗಳನ್ನು ಬಳಸಿದ್ದವು, ಆದರೂ ಇಷ್ಟು ಅಂತರ. ಒಂದೇ ಜೀನ್ ಹಿಡಿದು ಸೆಮಿನಾರಿನಲ್ಲಿ ಒಂದೇ ಸಂಖ್ಯೆ ಹೇಳಬೇಡಿ. ಬಳಸಿದ ದರ ಯಾವುದು, ಆ ದರ ದುಪ್ಪಟ್ಟಾದರೆ ವಯಸ್ಸು ಎಷ್ಟಕ್ಕೆ ಇಳಿಯುತ್ತದೆ, ಎರಡನ್ನೂ ಒಂದೇ ಸ್ಲೈಡಿನಲ್ಲಿ ಹಾಕಿ.