ಸಹಾಯ ಬೇಕು: ಒದ್ದೆ ಕಾಫಿ ಹಣ್ಣಿನ ಮೇಲೆ ಲೇಸರ್ ಸೆನ್ಸರ್ ಅಳತೆ ಸ್ಥಿರವಾಗಿ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಬಳಿಯ ನಮ್ಮ ತೋಟದಲ್ಲಿ ಹಣ್ಣು ಸುರಿಯುವ ಸಿಮೆಂಟ್ ತೊಟ್ಟಿಯ ಮೇಲೆ ವಿಎಲ್53ಎಲ್0ಎಕ್ಸ್ ಸೆನ್ಸರ್ (ಲೇಸರ್ ಬೆಳಕು ಹೋಗಿ ಮರಳುವ ಸಮಯದಿಂದ ದೂರ ಅಳೆಯುವ ಪುಟ್ಟ ಸಾಧನ) ಕೂರಿಸಿದ್ದೇನೆ. ತೊಟ್ಟಿ ಎಷ್ಟು ತುಂಬಿದೆ ಎಂದು ಮನೆಯಿಂದಲೇ ತಿಳಿಯಬೇಕು, ಅಷ್ಟೇ.

ಒಣಗಿದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ, ಒಳಹೊಟ್ಟು ಇರುವ ಬೀಜ) ಹರಡಿ ನೋಡಿದರೆ 1.2 ಮೀಟರ್ ದೂರದಿಂದಲೂ ಅಳತೆ ಅಲುಗುವುದಿಲ್ಲ. ಆಗಷ್ಟೇ ತೊಳೆದ, ಸಿಪ್ಪೆಯ ಮೇಲೆ ನೀರು ಮಿನುಗುವ ಹಣ್ಣು ಬಿದ್ದರೆ ಮರಳಿ ಬರುವ ಬೆಳಕಿನ ಬಲ ಕುಸಿದು ಅಂಕಿ ಕುಣಿಯತೊಡಗುತ್ತದೆ. ಬಣ್ಣವೇ ಕಾರಣವೆಂದು ಮೊದಲು ಅಂದುಕೊಂಡಿದ್ದೆ. ಆದರೆ ಇದರ ಬೆಳಕು 940 ನ್ಯಾನೋಮೀಟರ್‌ನ ಅವಗೆಂಪು. ಕಣ್ಣಿಗೆ ಕಪ್ಪಾಗಿ ಕಂಡದ್ದು ಅದಕ್ಕೂ ಕಪ್ಪಾಗಿರಬೇಕೆಂದಿಲ್ಲ. ನೀರಿನ ಪದರವೇ ಬೆಳಕನ್ನು ಹೀರಿ, ಬೇರೆ ದಿಕ್ಕಿಗೂ ಚಿಮ್ಮಿಸುತ್ತಿದೆ ಎಂಬುದು ಈಗಿನ ಅನುಮಾನ.

ಇನ್ನೊಂದು ಸಂಗತಿ: ಸೆನ್ಸರ್‌ನ ನೋಟದ ಕೋನ 25 ಡಿಗ್ರಿ. 1.2 ಮೀಟರ್ ದೂರದಲ್ಲಿ ಅದು ಅರ್ಧ ಮೀಟರ್‌ಗೂ ಅಗಲವಾಗಿ ಹರಡುತ್ತದೆ. ನಮ್ಮ ತೊಟ್ಟಿ ಕಿರಿದು, ಗೋಡೆಯ ಬೆಳಕೂ ಸೇರಿಕೊಳ್ಳುತ್ತಿರಬಹುದು. ಇಬ್ಬನಿ ತಾಗದಿರಲೆಂದು ಸೆನ್ಸರ್‌ಗೆ ಮುಚ್ಚಿದ ಪಾರದರ್ಶಕ ಪ್ಲಾಸ್ಟಿಕ್ ಕೂಡ ಒಂದಿಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ.

ದೂರ ಎರಡರಷ್ಟಾದರೆ ಬಲ ಸುಮಾರು ನಾಲ್ಕನೇ ಒಂದಕ್ಕೆ ಇಳಿಯುವುದರಿಂದ, ಬಲವನ್ನು ದೂರದ ವರ್ಗದಿಂದ ಗುಣಿಸಿ ಮೇಲ್ಮೈ ಒದ್ದೆಯೋ ಒಣಗಿದ್ದೋ ಎಂದು ಗುರುತಿಸಬಹುದೇ? ಬಲ ಯಾವ ಮಿತಿಗಿಂತ ಕೆಳಗಿಳಿದರೆ ಅಳತೆಯನ್ನು ಕೈಬಿಡಬೇಕು? ಒದ್ದೆ ವಸ್ತುವಿನ ಮೇಲೆ ಇದನ್ನು ಬಳಸಿದವರು ದಯವಿಟ್ಟು ತಿಳಿಸಿ. ಕೊಯ್ಲು ಶುರುವಾಗಿದೆ, ದಿನವೂ ಹಣ್ಣು ಬರುತ್ತಿದೆ.