ಹರಗೋಲಿನಲ್ಲಿ ಕೂತು ಫ್ಲೈ ಫಿಶಿಂಗ್ ಆಗುತ್ತಾ?

ಸಿಂಧನೂರಿನವ:
ಎಲ್ಲರಿಗೂ ನಮಸ್ಕಾರ. ನನ್ನ ಗೆಳೆಯ ಬೆಂಗಳೂರಿನಿಂದ ಒಂಬತ್ತು ಅಡಿಯ ಫ್ಲೈ ರಾಡ್ ತಂದಿದ್ದಾನೆ, ಅಂದರೆ ಫ್ಲೈ (ಹುಳದ ಹಾಗೆ ಕಾಣೋ, ಗರಿ-ನೂಲು ಕಟ್ಟಿದ ಹಗುರ ಗಾಳ) ಬೀಸಿ ಮೀನು ಹಿಡಿಯೋ ಕೋಲು. ದಸರಾ ರಜೆಯಲ್ಲಿ ಒಂದಿನ ತುಂಗಭದ್ರೆಗೆ ಹೋಗಬೇಕು ಅಂತಿದ್ದೇವೆ. ವಿಡಿಯೊಗಳಲ್ಲಿ ಎಲ್ಲರೂ ಉದ್ದನೆಯ ಕನೂ ದೋಣಿಯಲ್ಲಿ ಕೂತಿರುತ್ತಾರೆ. ನಮ್ಮ ಕಡೆ ಸಿಗೋದು ಹರಗೋಲು. ಅದರಲ್ಲಿ ಕೂತು ಲೈನ್ ಬೀಸಲು ಆಗುತ್ತಾ? ಆನೆಗೊಂದಿ ಹತ್ತಿರ ನದಿಗೆ ಇಳಿಯೋಣ ಅಂತ ಯೋಚನೆ.

ಗಂಗಾವತಿ ನಿವಾಸಿ:
ಆನೆಗೊಂದಿ ಬೇಡ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ನದಿ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಅಲ್ಲಿನ ಮೀನು ಅವಕ್ಕೇ ಇರಲಿ. ಮೊಸಳೆಗಳೂ ಇವೆ.

ಕೊಪ್ಪಳದಿಂದ:
ತಮ್ಮಾ, ಆಗುತ್ತೆ. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ಗೆಳೆಯನೂ ಡ್ಯಾಮಿನ ಹಿನ್ನೀರಿನಲ್ಲಿ ಒಂದಿಡೀ ದಿನ ಕಳೆದೆವು. ಅವನು ಮೀನುಗಾರರ ಮನೆಯವನು, ಲೈಸೆನ್ಸ್ ಇದೆ. ನೀವೂ ಮೊದಲು ಅನುಮತಿ ವಿಚಾರಿಸಿಕೊಳ್ಳಿ.

ಹರಗೋಲು ದುಂಡಗಿರೋದರಿಂದ ಕೈ ಬೀಸಿದ ಕೂಡಲೇ ತಿರುಗುತ್ತೆ. ಮೊದಲ ಒಂದು ಗಂಟೆ ನನ್ನ ಲೈನ್ ಎಲ್ಲೆಲ್ಲೋ ಬೀಳುತ್ತಿತ್ತು. ಆಮೇಲೆ ಗೆಳೆಯ, ನಾನು ರಾಡ್ ಎತ್ತಿದಾಗಲೆಲ್ಲ ಹುಟ್ಟನ್ನು ನೀರಿನಲ್ಲಿ ನೆಟ್ಟಗೆ ಇಳಿಸಿ ಬಿಗಿಯಾಗಿ ಹಿಡಿದ. ತಿರುಗೋದು ನಿಂತಿತು. ಎದ್ದು ನಿಲ್ಲಬೇಡಿ, ಮೊಣಕಾಲೂರಿ ಬೀಸಿ. ಫ್ಲೈಗೆ ಭಾರ ಇರಲ್ಲ, ಲೈನಿನ ಭಾರವೇ ಅದನ್ನು ಒಯ್ಯಬೇಕು. ಅದಕ್ಕೆ ಲೈನ್ ಹಿಂದಕ್ಕೆ ಪೂರ್ತಿ ಚಾಚೋವರೆಗೆ ಕಾಯಬೇಕು. ಬೆನ್ನ ಹಿಂದೆ ಅರ್ಧ ಮುಳುಗಿದ ಬಳ್ಳಾರಿ ಜಾಲಿ ಇದೆಯಾ ಅಂತ ನೋಡಿಕೊಳ್ಳಿ. ನನ್ನ ಎರಡು ಫ್ಲೈ ಅದರಲ್ಲೇ ಸಿಕ್ಕಿಕೊಂಡು ಹೋದವು.

ಫ್ಲೈ ನಾವೇ ಕಟ್ಟಿದ್ದು. ನಾಟಿ ಹುಂಜದ ಕೊರಳಿನ ಕಂದು ಗರಿ, ಭಾಗ್ಯನಗರದ ಮಗ್ಗದಿಂದ ತಂದ ಕೆಂಪು ನೂಲು. ಗಂಟು ಬಿಚ್ಚದ ಹಾಗೆ ಮೇಲೆ ಒಂದು ಹನಿ ಉಗುರುಬಣ್ಣ.

ಒಂದು ಮಾತು ಮಾತ್ರ ಮರೀಬೇಡ. ಹತ್ತು ಗಂಟೆ ಸುಮಾರಿಗೆ ಜೊಂಡಿನ ಪಕ್ಕ ನೀರಿನ ಮೇಲೆ ಕೆಂಪಗೆ ಏನೋ ಕುದಿಯುವ ಹಾಗೆ ಕಾಣಿಸಿತು. ಕೊರಮೀನಿನ ಮರಿಗಳು, ನೂರಾರು. ನಾನು ರಾಡ್ ಎತ್ತಿದೆ. ಗೆಳೆಯ ನನ್ನ ಮಣಿಕಟ್ಟು ಹಿಡಿದ. "ಬ್ಯಾಡ. ಕೆಳಗ ಅವ್ವ ಅಪ್ಪ ಕಾಯ್ತಿರ್ತಾವ. ಹಸಿವಿಗಲ್ಲ, ಮರಿ ಉಳಿಸ್ಕೊಳ್ಳಾಕ ಬಾಯಿ ಹಾಕ್ತಾವ. ಅವನ್ನ ಎತ್ತಿದ್ರ ಈ ಮರಿ ಎಲ್ಲಾ ಬ್ಯಾರೆ ಮೀನಿನ ಹೊಟ್ಟ್ಯಾಗ." ಹುಟ್ಟು ಹಾಕದೆ ಸುಮ್ನೆ ಕೂತೆವು. ಸ್ವಲ್ಪ ಹೊತ್ತಿಗೆ ನನ್ನ ಮೊಳಕೈ ಉದ್ದದ ಮೀನೊಂದು ಮೇಲೆ ಬಂತು. ಗುಳುಕ್ ಅಂತ ಗಾಳಿ ನುಂಗಿ ಮತ್ತೆ ಮರಿಗಳ ಕೆಳಗೇ ಇಳಿಯಿತು. ಅಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ.

ಸಂಜೆ ಎರಡು ಜಿಲೇಬಿ ಮೀನು ಸಿಕ್ಕವು. ಅವನ ಮನೆಯಲ್ಲೇ ರೊಟ್ಟಿ ಜೊತೆ ಊಟ ಆಯಿತು.

ಸಿಂಧನೂರಿನವ:
ಅಣ್ಣ, ತುಂಬಾ ಉಪಕಾರ ಆಯಿತು. ಆನೆಗೊಂದಿ ಬಿಟ್ಟೆವು. ಮರಿ ಕಂಡರೆ ದೂರ ಹೋಗ್ತೀವಿ. ಯಾವ ನಂಬರಿನ ಲೈನ್ ತರಲಿ?

ಕೊಪ್ಪಳದಿಂದ:
ರಾಡಿನ ಹಿಡಿ ಹತ್ತಿರ ನಂಬರ್ ಬರೆದಿರುತ್ತೆ, ಅದೇ ನಂಬರಿನ ಲೈನ್ ತಗೋ. ಹಿನ್ನೀರಿನಲ್ಲಿ ಮಧ್ಯಾಹ್ನ ಗಾಳಿ ಜಾಸ್ತಿ, ಬೆಳಿಗ್ಗೆ ಆರಕ್ಕೇ ಇಳಿಯಿರಿ. ಇಬ್ಬರಿಗೂ ಲೈಫ್ ಜಾಕೆಟ್ ಇರಲಿ. ದಡದಲ್ಲಿ ಹೂಳು ಮೊಣಕಾಲವರೆಗೆ ಇರುತ್ತೆ, ಹುಟ್ಟಿನಿಂದ ಒತ್ತಿ ನೋಡಿಯೇ ಕಾಲಿಡಿ.